ಕೆಂಪು ಕುಲಾಯಿ

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ಸ್ಟೋವ್ ರಿಪೇರಿ ಮಾಡುತ್ತಿದ್ದ ಧರೆಪ್ಪನಿಗೆ ತಲೆ ಕೆಟ್ಟಿದೆ ಎಂದು ಆ ಓಣಿಯ ಜನ ತೀರ್ಮಾನಿಸಿ ಆಗಿತ್ತು. ಇಲ್ಲದಿದ್ದರೆ ಹೊಚ್ಚ ಹೊಸದಾಗಿ ಬಣ್ಣ ಹೊಡೆದ ವಿಮಾನಕ್ಕೆ ಯಾರಾದರೂ ಸ್ಟೋವಿನ ಮಸಿ ಬಳಿಯುತ್ತಾರೆಯೇ?

ವಿಮಾನವೆಂದರೆ ಮಕ್ಕಳು ಕೈಯಲ್ಲಿ ಹಿಡಿದು ಓಡಾಡುವ ಆಟಿಕೆಯಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎತ್ತಿನ ನೊಗಕ್ಕಿಂತ ಉದ್ದ. ಮೂತಿಯಲ್ಲಿ ಬೆಳೆಗೆ ಔಷಧ ಹೊಡೆಯುವ ಪಂಪಿನ ಇಂಜಿನ್ನು. ನೆಲದ ಮೇಲೆ ನಿಂತವನು ರೇಡಿಯೋ ಪೆಟ್ಟಿಗೆಯ ಕಡ್ಡಿಗಳನ್ನು ಆಡಿಸಿದಂತೆ ಅದು ಮುಗಿಲಲ್ಲಿ ತಿರುಗಬೇಕು, ಇಳಿಯಬೇಕು. ಆ ಪೆಟ್ಟಿಗೆ ಎಣ್ಣೆ ಗಿರಣಿಯ ಬಸಂತರಾಯನದು. ಅವನ ಭಾವ ಜರ್ಮನಿಯಿಂದ ತಂದುಕೊಟ್ಟದ್ದು. ಸಣ್ಣ ಸಣ್ಣ ವಿಮಾನ ಹಾರಿಸಿ ಇಳಿಸಿ ಅವನ ಕೈ ಪಳಗಿತ್ತು. ಈ ದೊಡ್ಡದನ್ನು ಕಟ್ಟಿದವನು ಮಾತ್ರ ಧರೆಪ್ಪ.

ಧರೆಪ್ಪ ಹರೆಯದಲ್ಲಿ ವಾಯುಪಡೆ ಸೇರಿ, ವಿಮಾನದ ಮೈ ರಿಪೇರಿ ಮಾಡುತ್ತಿದ್ದವನು. ಕಾಶ್ಮೀರದ ಲಡಾಯಿಯಲ್ಲಿ ಅವನ ಕೈಗೆ ಒಂದು ಹಾರ್ವರ್ಡ್ ವಿಮಾನ ಒಪ್ಪಿಸಿದ್ದರು. ಅದರ ರೆಕ್ಕೆಯ ತುದಿಯಲ್ಲಿ ವೇಗ ಅಳೆಯುವ ಒಂದು ಸಣ್ಣ ಕೊಳವೆ, ಅದರೊಳಗೆ ಧೂಳು ಹೋಗದಂತೆ ಕೆಂಪು ಬಟ್ಟೆಯ ಮುಸುಕು. ಹಾರುವ ಮೊದಲು ಆ ಮುಸುಕು ತೆಗೆದು ಪೈಲಟ್ಟನಿಗೆ ತೋರಿಸಬೇಕು. ವಿಮಾನ ಮರಳಿ ಬಂದು ನಿಲ್ಲುವ ತನಕ ಅದನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪೈಲಟ್ ಹೆಬ್ಬೆರಳು ಎತ್ತಿದನೆಂದರೆ ವಿಮಾನ ಅವನದಾಯಿತು. ಎಲ್ಲಿಗೆ, ಯಾಕೆ ಎಂದು ಕೆಳಗಿನವನು ಕೇಳುವಂತಿಲ್ಲ. ಒಂದು ಮುಂಜಾನೆ ಪೈಲಟ್ ಸಾಹೇಬ ನಗುತ್ತ ಹೆಬ್ಬೆರಳು ಎತ್ತಿ ಹೋದ. ಬೆಂಕಿ ಹತ್ತಿ ಗುಡ್ಡಕ್ಕೆ ಬಿತ್ತೆಂದು ಆಮೇಲೆ ಸುದ್ದಿ ಬಂತು. ಮುಸುಕು ಧರೆಪ್ಪನ ಬಳಿಯೇ ಉಳಿದು ಟ್ರಂಕು ಸೇರಿತು.

ಈ ಕತೆ ಕೇಳಿ ಬಸಂತರಾಯ ಧರೆಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತೇ ಕಣ್ಣೊರೆಸಿಕೊಂಡಿದ್ದ. ಆ ಮನೆಯ ಚಹಾ ಕುಡಿದ ಮೊದಲ ಸಾವುಕಾರ ಅವನು. ಧರೆಪ್ಪನಿಗೆ ಅದೇ ದೊಡ್ಡದಾಯಿತು.

"ಅದರಂಥದ ಒಂದು ಕಟ್ಟತೇನಿ, ಅದು ಒಮ್ಮಿ ಇಳಿಯೂದು ನೋಡಬೇಕ್ರಿ ಸಾವ್ಕಾರ್ರ. ಮತ್ತೇನೂ ಬ್ಯಾಡ ನನಗ," ಅಂದಿದ್ದ ಧರೆಪ್ಪ.

"ನನ್ನ ಮಕ್ಕಳಾಣಿ ಧರೆಪ್ಪಾ, ನಿನ್ನ ಕಣ್ಣ ಮುಂದ ಹೂ ಇಟ್ಟಂಗ ಇಳಸ್ತೇನಿ."

ಅಲ್ಲಿಂದ ಧರೆಪ್ಪನಿಗೆ ಹಗಲು ರಾತ್ರಿಯ ಪರಿವೆ ಇರಲಿಲ್ಲ. ಕಡ್ಡಿಯ ತುದಿಯಿಂದ ಅಂಟಿನ ಹನಿ ಇಟ್ಟು ಇಟ್ಟು ಮೈತುಂಬ ರಿವೆಟ್ಟಿನ ಮೊಳೆತಲೆ ಮೂಡಿಸಿದ. ಹೊಗೆ ಕೊಳವೆಯಿಂದ ಹಿಂದಕ್ಕೆ ಸ್ಟೋವಿನ ಮಸಿಯನ್ನು ಹೆಬ್ಬೆರಳಲ್ಲಿ ಎಳೆದ. ಸಾಹೇಬ ಯಾವಾಗಲೂ ಎಡಗಡೆಯಿಂದಲೇ ಹತ್ತುತ್ತಿದ್ದ; ಆದ್ದರಿಂದ ಎಡರೆಕ್ಕೆಯ ಬುಡದಲ್ಲಿ ಮಾತ್ರ ಬೂಟಿಗೆ ಸವೆದಂತೆ ಬಣ್ಣ ಉಜ್ಜಿ ತೆಗೆದ. ಬಲರೆಕ್ಕೆಯ ಕೆಳಗೆ ಒಂದು ತಗಡಿನ ತೇಪೆ. ಹಿಂದೆ ಕಾಶ್ಮೀರದಲ್ಲಿ ಸಾಹೇಬನ ವಿಮಾನಕ್ಕೆ ಗುಂಡು ತಾಗಿದ ತೂತಿಗೆ ಅವನೇ ಹಾಕಿದ್ದಂಥದು. ಅಂದು ಬಣ್ಣ ತೀರಿ, ಸಿಕ್ಕಿದ ಹಸಿರು ಬಳಿದಿದ್ದ. ಇಲ್ಲಿಯೂ ಅದೇ ಹಸಿರು. ನೋಡಿದವರು "ಹೊಸಾದಕ್ಕ ಯಾಕ ತ್ಯಾಪಿ?" ಎಂದು ನಕ್ಕರು. ಹೆಂಡತಿ ಗುಂಡವ್ವ ಮಾತ್ರ ನಗಲಿಲ್ಲ. ತನ್ನ ಕೆಂಪು ಸೀರೆಯ ಸೆರಗು ಕತ್ತರಿಸಿ, ಬೆರಳುದ್ದದ ಮುಸುಕು ಹೊಲಿದು, "ತಗೋರಿ, ನಿಮ್ಮ ಕೂಸಿನ ಕುಲಾಯಿ," ಎಂದು ಕೊಟ್ಟಳು.

ಗಣರಾಜ್ಯೋತ್ಸವ ಹತ್ತಿರ ಬಂದಾಗ ಬಸಂತರಾಯ ಗಿರಣಿಯ ಲಾರಿ ತಂದ. ನಿಡಗುಂದಿಯ ಬಯಲಲ್ಲಿ ಅಂದು ಹಾರಿಸುವುದು, ಪೆಟ್ಟಿಗೆಯ ಪರೀಕ್ಷೆಗೆ ಮೊದಲೇ ಒಯ್ಯಬೇಕು ಎಂದ. ಧರೆಪ್ಪ ಕುಲಾಯಿ ತೆಗೆದು ತೋರಿಸಿದ. ಬಸಂತರಾಯ ಗತ್ತಿನಿಂದ ಹೆಬ್ಬೆರಳು ಎತ್ತಿದ. ಮುಗಿಯಿತು! ಪರೀಕ್ಷೆಗೆ ವಿಮಾನ ಕಟ್ಟಿದವನೇ ಯಾಕೆ ಬೇಡ ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಧರೆಪ್ಪ ಕೇಳಲಿಲ್ಲ. ಎತ್ತಿದ ಹೆಬ್ಬೆರಳಿಗೆ ಎದುರು ಪ್ರಶ್ನೆ ಹಾಕುವುದು ಅವನ ರಕ್ತದಲ್ಲೇ ಇರಲಿಲ್ಲ. ಲಾರಿ ಕಣ್ಮರೆಯಾಗುವ ತನಕ ಅಟೆನ್ಷನ್ನಿನಲ್ಲಿ ನಿಂತಿದ್ದ.

ಗಣರಾಜ್ಯೋತ್ಸವದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಕುಲಾಯಿ ಇಟ್ಟುಕೊಂಡು, ಬಾಗೇವಾಡಿಯಲ್ಲಿ ಬಸ್ ಬದಲಿಸಿ ನಿಡಗುಂದಿಗೆ ಹೋದ. ಬಯಲ ತುಂಬ ಜನ. ಹಗ್ಗದ ಆಚೆ ಪೆಂಡಾಲು, ಕುರ್ಚಿಗಳಲ್ಲಿ ಪುಢಾರಿಗಳು, ಅವರ ನಡುವೆ ಪೆಟ್ಟಿಗೆ ಹಿಡಿದ ಬಸಂತರಾಯ. ಬಯಲಿನಲ್ಲಿ ನಿಂತಿದ್ದದ್ದು ಮಾತ್ರ ಡಾಂಬರಿನಂಥ ಕರಿ ವಿಮಾನ, ಅದರ ಮೈಮೇಲೆ ಬಿಳಿಯ ತಲೆಬುರುಡೆ.

"ನೋಡ್ರಪೋ ನೋಡ್ರಿ, ವೈರಿ ವಿಮಾನ ಬಂತು!" ಎಂದು ಮೈಕು ಕೂಗಿತು.

ಓಹೋ, ಇದನ್ನು ಬೆನ್ನಟ್ಟಲು ನನ್ನದು ಹಿಂದಿನಿಂದ ಬರುತ್ತದೆ ಎಂದುಕೊಂಡ ಧರೆಪ್ಪ. ಸಾವುಕಾರ ಎರಡನೆಯದನ್ನು ಯಾವಾಗ ಕಟ್ಟಿಸಿದ? ಕರಿ ವಿಮಾನ ನೆಲ ಬಿಟ್ಟು ಮೇಲೆದ್ದಿತು; ಅದರ ಇಂಜಿನ್ನಿನ ದನಿ ಕಿವಿಗೆ ಗುರುತು ಹೇಳುತ್ತಿತ್ತು, ಮನಸ್ಸು ಒಪ್ಪಲಿಲ್ಲ. ಕತ್ತು ಎತ್ತಿ ತನ್ನದಕ್ಕಾಗಿ ಬಯಲೆಲ್ಲ ಹುಡುಕಿದ. ಅಷ್ಟರಲ್ಲಿ ಕರಿ ವಿಮಾನ ತಲೆಯ ಮೇಲೇ ಓರೆಯಾಗಿ ತಿರುಗಿತು. ಬಣ್ಣ ಬಳಿದವನು ರೆಕ್ಕೆಯ ಕೆಳಗೆ ಬಳಿದಿರಲಿಲ್ಲ. ಅಲ್ಲಿ ಹಸಿರು ತೇಪೆ.

"ಸಾವ್ಕಾರ್ರ! ಇಳಸ್ರಿ!" ಎಂದು ಧರೆಪ್ಪ ಹಗ್ಗ ಹಾರಿ ಓಡಿದ. ನೆಲದಿಂದ ತೋಪಿನ ಸದ್ದು ಬಂತು. ಬಾಲಕ್ಕೆ ಸುತ್ತಿದ್ದ ಸೀಮೆಎಣ್ಣೆಯ ಅರಿವೆಗೆ, ಊದುಬತ್ತಿ ಉರಿದು ಮುಗಿಯುವ ಹೊತ್ತಿಗೆ ಸಿಡಿಯುವಂತೆ ಕಟ್ಟಿದ್ದ ಪಟಾಕಿ ಸರದಿಂದ ಕಿಡಿ ತಾಗಿತು. ಬಸಂತರಾಯ ವಿಮಾನದ ಮೂತಿ ನೆಲಕ್ಕೆ ತಿರುಗುವಂತೆ ಕಡ್ಡಿಯನ್ನು ಮುಂದಕ್ಕೆ ಒತ್ತಿ ಹಿಡಿದ. ವಿಮಾನ ಉರಿಯುತ್ತ ಬಂದು ಜೋಳದ ಹೊಲದ ಬದುವಿಗೆ ಅಪ್ಪಳಿಸಿತು. ಜನ ಹುಚ್ಚೆದ್ದು ಸೀಟಿ ಹೊಡೆದರು.

ಧರೆಪ್ಪ ಮುಟ್ಟುವ ಹೊತ್ತಿಗೆ ಉಳಿದಿದ್ದದ್ದು ರೆಕ್ಕೆಯ ಒಂದು ತುದಿ, ಅದರ ಸೊಟ್ಟಾದ ಕೊಳವೆ. ಜೇಬಿನಿಂದ ಕುಲಾಯಿ ತೆಗೆದ. ಹಾಕಲು ಕೈ ಬರಲಿಲ್ಲ. ಅದು ಇಳಿದು ಬಂದ ವಿಮಾನಕ್ಕೆ ಹಾಕುವಂಥದು.

ಕೊರಳಲ್ಲಿ ಹಾರ ಹಾಕಿಕೊಂಡೇ ಬಸಂತರಾಯ ಬಂದ. "ಧರೆಪ್ಪಾ! ಶಾಬಾಸ್! ಮಂದಿ ಖರೇ ವಿಮಾನನ ಬಿತ್ತಂತ ಅಂಜಿ ಎದ್ದು ನಿಂತಿದ್ರು. ಎಲ್ಲಾ ನಿನ್ನ ಕೈಗುಣ!"

"ಇಳಸ್ತೇನಂತ ಮಕ್ಕಳಾಣಿ ಮಾಡಿದ್ರಿ."

"ಇಳಿಸಿದ್ರ ಯಾವಂವ ಚಪ್ಪಾಳಿ ಹೊಡೀತಿದ್ದ? ಖರೇದರಂಗ ಕಾಣಬೇಕಂತ ನೀನ ಅಂತಿದ್ದಿ. ಮತ್ತ ನಿಮ್ಮ ಸಾಹೇಬಂದೂ ಹಿಂಗ ಬೆಂಕಿ ಹತ್ತಿ ಬಿದ್ದಿತ್ತಲ್ಲೋ. ಮರತಿ ಏನ?"

ಅಂದರೆ ಇವನು ಮರೆತಿರಲಿಲ್ಲ. ಮರೆತು ಮಾಡಿದ್ದರೆ ಧರೆಪ್ಪ ಹೇಗೋ ನುಂಗಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಕಣ್ಣೀರು ಹಾಕಿ ಕೇಳಿದ ಆ ಸಾವನ್ನು ಇವನು ಜತನದಿಂದ ನೆನಪಿಟ್ಟುಕೊಂಡು, ಪುಢಾರಿಗಳ ಮುಂದೆ ಆಟ ಕಟ್ಟಿ ಆಡಿಸಿದ್ದ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಧರೆಪ್ಪನಿಗೆ ಅವನ ಮುಖಕ್ಕೆ ಉಗುಳಬೇಕೆನಿಸಿತು, ಬಾಯಿ ಒಣಗಿತ್ತು.

"ಇನ್ನೊಂದು ಕಟ್ಟು. ಪೆಟ್ಟಿಗಿ ಅಂತೂ ನಂದು ಐತಿ," ಅಂದ ಬಸಂತರಾಯ, ಹೆಬ್ಬೆರಳು ಎತ್ತಿ.

ಧರೆಪ್ಪ ಬೆನ್ನು ತಿರುಗಿಸಿ ಬಸ್ಸಿಗೆ ನಡೆದ.

ಗುಂಡವ್ವ ಬಾಗಿಲಲ್ಲೇ ಕೇಳಿದಳು, "ಛಲೋ ಇಳೀತೇನ್ರಿ?"

ಅವನು ಟ್ರಂಕು ತೆಗೆದ. ಮಾಸಿದ ಹಳೆಯ ಮುಸುಕಿನ ಪಕ್ಕ ಪುಟ್ಟ ಕುಲಾಯಿ ಇಟ್ಟ. ಅವಳು ಬಾಯಿಗೆ ಸೆರಗು ಹಿಡಿದು, "ಅಯ್ಯ ನನ್ನ ಶಿವನ, ಇದೂ ಬಿತ್ತೇನು, ಆ ಸಾಹೇಬಂದ ಗತೆ?" ಎಂದಳು.

"ಆ ಸಾಹೇಬನ ಗತೆ ಅನಬ್ಯಾಡ," ಅಂದ ಧರೆಪ್ಪ. "ಅಂವ ಇಳೀಬೇಕಂತ ಹೋಗಿದ್ದ, ಗುಂಡವ್ವಾ."