ಬುರುಜಿನ ಬಾಗಿಲು

ಕಾಂತಪ್ಪನ ಮುಖದ ಬಟ್ಟೆಯನ್ನು ಇರಾಕಿ ಸೈನಿಕ ಬಂದೂಕಿನ ತುದಿಯಿಂದಲೇ ಸರಿಸಿದ. ವ್ಯಾನಿನಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಆಶಾಲತಾಳ ಕಣ್ಣೆಲ್ಲ ರಸ್ತೆಯಾಚೆಯ ಬುರುಜಿನ ಬಾಗಿಲ ಮೇಲೆ.

"ಗುಡಿಸುವವನಲ್ಲವಾ? ಏನಾಯ್ತು?" ಎಂದ ಅರಬಿಯಲ್ಲಿ.

"ಎದೆನೋವು. ಮೊನ್ನೆ."

ಮೊನ್ನೆಯಿಂದ ಆ ಬಾಗಿಲು ತೆರೆದಿಲ್ಲ. ಒಳಗೆ, ಗಂಡನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ತಮ್ಮ ಅಬ್ದುಲ್ ಸಲಾಂ ಸೈನಿಕರಿಂದ ತಪ್ಪಿಸಿಕೊಂಡು ಅನ್ನನೀರಿಲ್ಲದೆ ಅಡಗಿದ್ದಾನೆ. ಗಂಡ ಹೆಂಡತಿಗೆ ಮಾತ್ರ ಗೊತ್ತಿದ್ದ ಗುಟ್ಟು ಈಗ ಅವಳೊಬ್ಬಳದು. ಅಳುವುದಕ್ಕೂ ಪುರುಸೊತ್ತಿಲ್ಲದ ಹಾಗೆ ಮಾಡಿ ಹೋದನಲ್ಲ ಎಂದು ಗಂಡನ ಮೇಲೆ ಸಿಟ್ಟು ಬಂತು.

* * *

ಸಮುದ್ರದಿಂದ ಬರುವವರ ಮೇಲೆ ಕಣ್ಣಿಡಲು ತುರ್ಕರು ಕಟ್ಟಿಸಿದ ಮಣ್ಣಿನ ಬುರುಜು ಅದು. ಅವರು ಹೋದ ಮೇಲೆ ಮೀನುಗಾರರು ಬಲೆ ತುಂಬಿದರು. ರಸ್ತೆ ಬಂದಾಗ ಸುಣ್ಣ ಬಳಿಸಿಕೊಂಡು ಫಹಾಹೀಲ್ ಪೇಟೆಯ ಗುರುತಾಯಿತು. "ಬುರುಜಿನ ಹತ್ತಿರ ಇಳಿ" ಎಂದರೆ ಸಾಕು, ಊರಿನಿಂದ ಹೊಸದಾಗಿ ಬಂದವನೂ ದಾರಿ ತಪ್ಪುತ್ತಿರಲಿಲ್ಲ.

ಮದುವೆಗೆ ಮೊದಲಿನಿಂದಲೂ ಅದನ್ನು ಗುಡಿಸಿದವನು ಕಾಂತಪ್ಪ. ಜಿರಲೆಗೂ ಹೆದರುವ ಪುಕ್ಕಲ ಎಂದು ಆಶಾಲತಾ ಛೇಡಿಸುತ್ತಿದ್ದಳು. ಇರಾಕಿನ ಸೈನ್ಯ ಬಂದಾಗ ಆ ಪುಕ್ಕಲನೇ "ಮಹಡಿ ಕುಸಿಯುತ್ತದೆ, ಒಳಗೆಲ್ಲ ಚೇಳು" ಎಂದು ಸೈನಿಕರನ್ನು ದೂರವಿಟ್ಟು, ಒಳಗೆ ಅಡಗಿದವನಿಗೆ ದಿನವೂ ಕಸದ ಬಕೆಟಿನಲ್ಲಿ ರೊಟ್ಟಿ ಒಯ್ದ.

* * *

"ಯಲ್ಲಾ, ಹೋಗಿ," ಎಂದು ಸೈನಿಕ ವ್ಯಾನಿಗೆ ದಾರಿ ಬಿಟ್ಟ.

ಆಶಾಲತಾ ಅನ್ನದ ಪೊಟ್ಟಣ, ನೀರಿನ ಬಾಟಲಿ ಹಿಡಿದು ಇಳಿದಳು. ತನಗೆ ಬರುವ ಹರಕು ಅರಬಿಯಲ್ಲಿ ಹೇಳಿದಳು: "ಸತ್ತವರು ಕೆಲಸ ಮಾಡಿದ ಜಾಗದಲ್ಲಿ ಅನ್ನ ಇಡಬೇಕು. ಕಾಗೆ ಮುಟ್ಟಬೇಕು. ನಮ್ಮ ಪದ್ಧತಿ."

ಮುಂದಿನ ಸೀಟಿನಿಂದ ಕೊರಗಪ್ಪ ಧಡಕ್ಕನೆ ಇಳಿದ. ಸಾವಿನ ಕ್ರಮದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಹಿಸದ ಹಿರಿಯ. ಊರಿಗೆ ಕಳಿಸಲು ವಿಮಾನವಿಲ್ಲದೆ, ಸುಡಲೂ ಆಗದೆ, ಹೂಳಬೇಕಾಗಿ ಬಂದದ್ದಕ್ಕೇ ಬೆಳಗಿನಿಂದ ಕುದಿಯುತ್ತಿದ್ದ.

"ಇದೆಂತ ಆಶಾ? ಕಾಗೆಗೆ ಇಡುವುದು ಉತ್ತರಕ್ರಿಯೆಯ ಬೊಜ್ಜದ ದಿನ ಅಲ್ವಾ? ಹೆಣ ಇನ್ನೂ ವ್ಯಾನಿನಲ್ಲೇ ಉಂಟು."

ಆ ಭಾಷೆ ಅರ್ಥವಾಗದೆ ಸೈನಿಕ ಹುಬ್ಬು ಗಂಟಿಕ್ಕಿದ. "ಏನಂತೆ ಅವನದು?"

ಆಶಾಲತಾ ತಕ್ಷಣ ಹೇಳಿದಳು: "ನೀರು ಸಾಲದಂತೆ."

ಸೈನಿಕ ಗೊಣಗುತ್ತ ತನ್ನ ಬಾಟಲಿಯನ್ನೂ ಕೊಟ್ಟ.

ಬಾಗಿಲಡಿ ಮಣ್ಣು ಸವೆದು ಕೈ ಹಿಡಿಸುವಷ್ಟು ಸಂದಿತ್ತು. ಅಲ್ಲೇ ಎಲ್ಲ ಇಟ್ಟು ಬಂದು, "ಕಾಗೆ ಮುಟ್ಟುವವರೆಗೆ ಬೆನ್ನು ಹಾಕಿ ನಿಲ್ಲಬೇಕು," ಎಂದಳು. ಸೈನಿಕ ತಿರುಗಿ ನಿಂತ.

"ಇಲ್ಲದ ಕ್ರಮಕ್ಕೆ ನಾನು ತಿರುಗುವುದಿಲ್ಲ," ಎಂದ ಕೊರಗಪ್ಪ.

ಆಗಲೇ ಸಂದಿನಿಂದ ಬೆರಳುಗಳು ಹೊರಬಂದವು. ಕೊರಗಪ್ಪ ನೋಡಿದ. ಅವನ ಬಾಯಿ ತೆರೆಯಿತು. ಎಲ್ಲ ಮುಗಿಯಿತು ಎಂದುಕೊಂಡಳು ಆಶಾಲತಾ.

ಕೊರಗಪ್ಪ ನಿಧಾನವಾಗಿ ಬಾಗಿಲಿಗೂ ಸೈನಿಕನಿಗೂ ನಡುವೆ ಬಂದು, ಹೆಗಲ ಬೈರಾಸು ಕೊಡವಿ, ಒಣಹಾಕುವವನಂತೆ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದ.

"ತಿರುಗಬೇಡ," ಎಂದ ಅರಬಿಯಲ್ಲಿ. "ಕಾಗೆ ಬಂದಿದೆ."

ಆಶಾಲತಾ ಓರೆಗಣ್ಣಿನಿಂದ ನೋಡಿದಳು. ಬೈರಾಸಿನ ಹಿಂದೆ ಆ ಬೆರಳುಗಳು ಮಣ್ಣಿಗೆ ಬಿದ್ದ ಅಗುಳುಗಳನ್ನೂ ಒಂದೊಂದಾಗಿ ಹೆಕ್ಕುತ್ತಿದ್ದವು.