ದುಂಡು ಮೂತಿಯ ತೋಟಾ

"ಏನನ್ನ ಹೊಡೀಬೇಕು, ಎಷ್ಟು ದೂರದಿಂದ, ಅದರ ಹಿಂದೆ ಏನಿದೆ? ಈ ಮೂರು ಹೇಳು, ತೋಟಾ ಯಾವುದು ಅಂತ ನಾನು ಹೇಳ್ತೀನಿ," ಎಂದ ಡೆಲ್ಬರ್ಟ್, ತನ್ನ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿ.

ಮೊದಲೆರಡಕ್ಕೆ ಲೊರೀನಾ ಹೌಗೆನ್ ತಡಮಾಡಲಿಲ್ಲ. ನೆಲದಳಿಲು. ಎಂಬತ್ತು ಗಜ, ಹೆಚ್ಚೆಂದರೆ ನೂರು. ಅವಳ ಹುಲ್ಲುಗಾವಲನ್ನು ಅವು ಜರಡಿ ಮಾಡಿಟ್ಟಿದ್ದವು. ಹೋದ ತಿಂಗಳು ಕರುವೊಂದು ಬಿಲಕ್ಕೆ ಕಾಲು ಹಾಕಿ ಮುರಿದುಕೊಂಡಿತ್ತು. ಸೋಮವಾರ ಕಾಲುವೆಗೆ ನೀರು ಬಿಡುತ್ತಾರೆ. ಅದು ಹುಲ್ಲುಗಾವಲಿಗೆ ಹರಿದರೆ ಬಿಲದೊಳಗಿದ್ದವೆಲ್ಲ ಮೇಲೆ ಬರಲೇಬೇಕು. ಮಿಲ್ಕ್ ನದಿಯ ಈ ಕಣಿವೆಯಲ್ಲಿ ಎಲ್ಲರೂ ಒಡ್ಡಿನ ಮೇಲೆ ನಿಂತು ಅವನ್ನು ಹೊಡೆಯುವುದು ಆಗಲೇ.

"ಹಿಂದೆ?" ಎಂದು ಮತ್ತೆ ಕೇಳಿದ.

"ನೀರು."

ಡೆಲ್ಬರ್ಟ್ ಒಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. "ಹಾಗಾದ್ರೆ ಟ್ವೆಂಟಿ-ಟೂ ಕೋವಿಗೆ ಈ ದುಂಡು ಮೂತೀದು ಮುಟ್ಟಲೇಬೇಡ. ಗಟ್ಟಿ ಸೀಸ, ಒಡೆಯಲ್ಲ. ನೀರಿಗೆ ತಗುಲಿದ್ರೆ ಚಪ್ಪಟೆ ಕಲ್ಲು ಬೀಸಿದ ಹಾಗೆ ಪುಟಿದು ಎಲ್ಲಿಗೋ ಹೋಗತ್ತೆ. ತುದಿ ತೂತಿರೋದು ವಾಸಿ. ಅದಕ್ಕಿಂತ ಸಣ್ಣ ಗುಂಡಿನ ಸೆವೆಂಟೀನ್ ಇನ್ನೂ ವಾಸಿ, ಹುಲ್ಲಿನ ಕಡ್ಡಿ ಮುಟ್ಟಿದ್ರೂ ಪುಡಿಪುಡಿ. ಎರಡಕ್ಕೂ ಮನೇಲಿ ಕೋವಿ ಇದ್ಯಲ್ಲ? ಆದ್ರೂ ಆರ್ವಿಡ್‌ನ ಅಕ್ಕನಿಗೆ ನಾನು ಪಾಠ ಹೇಳೋದಾ! ಅವನಂಥ ಗುರಿಕಾರ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. ಅಕ್ಕ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿದ್ದು ಕಣಿವೆಗೆಲ್ಲ ಗೊತ್ತಿತ್ತು. ಯಾಕೆಂಬುದೂ ಗೊತ್ತಿತ್ತು, ಅಂದರೆ ಲೊರೀನಾ ಹೇಳಿದಷ್ಟು ಗೊತ್ತಿತ್ತು.

ಆವತ್ತೂ ನೀರು ಬಿಟ್ಟ ದಿನವೇ. ಆರ್ವಿಡ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಹೊಲದಲ್ಲಿದ್ದ ಅಳಿಲುಗಳೆಲ್ಲ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದವು. ಆಗ ಹೊಡೆಯುವುದು. ಕಾಲುವೆಯಾಚೆ ಮಲಗಿದ್ದ ಅವಳ ನಾಯಿ ಜುನೋಗೂ ಆ ಸಿಳ್ಳೆ ಚೆನ್ನಾಗಿ ಗೊತ್ತಿತ್ತು. ಅದೂ ಎದ್ದು ನಿಂತಿತು. ಆರ್ವಿಡ್ ಹೊಡೆದ ಗುಂಡು ನೀರಿಗೆ ತಗುಲಿ ಪುಟಿದು ಅದಕ್ಕೆ ಬಡಿಯಿತು. ಒದ್ದೆ ನಾಯಿಯನ್ನು ಎದೆಗವಚಿಕೊಂಡು ಲೊರೀನಾ ನೆರೆಯವರೆಲ್ಲರ ಎದುರಿಗೆ, "ಕಣ್ಣಿಲ್ಲದೋನಿಗೆ ಕೋವಿ ಯಾಕೆ? ಇನ್ನು ನನ್ನ ಗೇಟು ದಾಟಬೇಡ," ಎಂದಿದ್ದಳು. ಆರೇ ಮೈಲಿ ದೂರದಲ್ಲಿದ್ದ ಆರ್ವಿಡ್ ದಾಟಲಿಲ್ಲ.

ಅವಳು ಯಾರಿಗೂ ಹೇಳದ ಸಂಗತಿ ಒಂದಿತ್ತು. ತುದಿ ತೂತಿರುವ ತೋಟಾನೇ ತಾ ಎಂದು ಆರ್ವಿಡ್ ಎರಡೆರಡು ಸಲ ಹೇಳಿ ಕಳಿಸಿದ್ದ. ಆ ದಿನ ಅಂಗಡಿಯಲ್ಲಿ ಅದು ಮುಗಿದುಹೋಗಿತ್ತು. ಇನ್ನೊಂದು ಅಂಗಡಿ ನಲವತ್ತು ಮೈಲಿ. ಯಾರು ಹೋಗುತ್ತಾರೆ ಎಂದು ದುಂಡು ಮೂತಿಯದನ್ನೇ ತಂದುಬಿಟ್ಟಿದ್ದಳು. ತಿಳಿಯದೆ ಅಲ್ಲ, ಅಪ್ಪ ಇಬ್ಬರಿಗೂ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ. ಶುದ್ಧ ಸೋಮಾರಿತನ. ಆಮೇಲೆ ಪ್ರತಿ ವಸಂತದಲ್ಲೂ ಹೇಳಬೇಕು ಎಂದುಕೊಳ್ಳುವಳು, ಹೇಳದೆ ಉಳಿಯುವಳು. ಈಗ ಅವಳಿಗೆ ಎಪ್ಪತ್ತು ತುಂಬಿತ್ತು, ಇದ್ದವನು ಇವನೊಬ್ಬನೇ ತಮ್ಮ.

ಸೆವೆಂಟೀನ್ ತೋಟಾಗಳ ಪೆಟ್ಟಿಗೆಯೊಂದನ್ನು ಕೊಂಡು ಹೊರಟವಳು ತನ್ನ ಮನೆಯ ತಿರುವು ಬಂದರೂ ತಿರುಗಲಿಲ್ಲ.

ಆರ್ವಿಡ್ ಅಂಗಳದಲ್ಲಿ, ನೀರು ತಿರುಗಿಸಲು ಕಾಲುವೆಗೆ ಅಡ್ಡ ಕಟ್ಟುವ ಕ್ಯಾನ್ವಾಸ್ ಬಟ್ಟೆಯನ್ನು ಮರದ ತೊಲೆಗೆ ಬಡಿಯುತ್ತಿದ್ದ. ಬಾಯಲ್ಲಿ ಮೊಳೆಗಳಿದ್ದವು. ತಲೆ ಎತ್ತಿ ನೋಡಿ ಅವನ್ನು ಒಂದೊಂದಾಗಿ ತೆಗೆದ.

"ದಾರಿ ತಪ್ಪಿತಾ?"

"ಇಲ್ಲ." ಅವಳು ಪೆಟ್ಟಿಗೆಯನ್ನು ತೊಲೆಯ ಮೇಲಿಟ್ಟಳು. "ಆವತ್ತು ನೀನು ಹೇಳಿದ್ದನ್ನ ನಾನು ತಂದಿರ್ಲಿಲ್ಲ ಆರ್ವಿಡ್. ದುಂಡು ಮೂತೀದು ತಂದಿದ್ದೆ."

"ಗೊತ್ತು."

"ಏನು ಗೊತ್ತು?"

"ಕೋವಿಗೆ ತುಂಬಿದ್ದು ನಾನೇ ಅಲ್ವಾ? ಕಣ್ಣಿಲ್ಲದೋನಿಗೂ ಕೈಗೆ ಗೊತ್ತಾಗತ್ತೆ ಅದು."

ಲೊರೀನಾ ತೊಲೆಯ ತುದಿಯಲ್ಲಿ ಕುಳಿತಳು. "ಗೊತ್ತಿದ್ದೂ ಹೊಡೆದ್ಯಾ?"

"ಇದು ಬೇಡ ಅಂದಿದ್ರೆ ನೀನು ಸಂಜೆವರೆಗೂ ಮುಖ ಊದಿಸ್ಕೊಂಡು ಇರ್ತಿದ್ದೆ. ಒಂದು ದಿನಕ್ಕೆ ಏನಾಗತ್ತೆ ಅಂದ್ಕೊಂಡೆ." ಅವನು ಸುತ್ತಿಗೆಯ ಹಿಡಿಯನ್ನು ಉಜ್ಜುತ್ತಿದ್ದ. "ತಂದಿದ್ದು ನೀನು, ಹೊಡೆದಿದ್ದು ನಾನು."

"ಎಲ್ಲರ ಮುಂದೆ ಬೈದೆನಲ್ಲ, ಆಗಲಾದ್ರೂ ಬಾಯಿ ಬಿಡಬಹುದಿತ್ತು."

"ಬಿಟ್ಟಿದ್ರೆ ಜುನೋ ಎದ್ದು ಬರ್ತಿತ್ತಾ?"

ಅವಳು ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ, ಒಳಕ್ಕೆ ಹೋಗಿ ಎರಡು ಲೋಟ ಕಾಫಿ ತಂದ. ತನ್ನ ಲೋಟಕ್ಕೆ ಅರ್ಧ ಮಾತ್ರ ತುಂಬಿಕೊಂಡಿದ್ದ. ಅಷ್ಟಾದರೂ ಅವನ ಕೈಯಲ್ಲಿ ಅದು ತುಳುಕುತ್ತಿತ್ತು. ಲೊರೀನಾ ನೋಡಿಯೂ ನೋಡದಂತೆ, "ಸೋಮವಾರ ಬಾ. ಈ ಸಲ ಸರಿಯಾದ ತೋಟಾ ತಂದಿದೀನಿ, ನೀನೇ ಹೊಡಿ," ಎಂದಳು.

"ನನ್ನ ಕೋವಿ ಆ ವಾರವೇ ಮಾರಿಬಿಟ್ಟೆ ಲೊರೀ. ನಿನ್ನದು ಕೊಟ್ರೂ ಈ ಕೈ ನೋಡು." ಪೆಟ್ಟಿಗೆಯನ್ನು ಅವಳ ಕಡೆಗೆ ತಳ್ಳಿದ. "ಬರ್ತೀನಿ. ಸಿಳ್ಳೆ ಹಾಕೋಕೆ ಬರ್ತೀನಿ."

ಸೋಮವಾರ ಬೆಳಿಗ್ಗೆ ನೀರು ಬಂತು. ಒಡ್ಡಿನ ಮೇಲೆ ಇಬ್ಬರೂ ನಿಂತರು. ಲೊರೀನಾ ಕೋವಿಯನ್ನು ಭುಜಕ್ಕೇರಿಸಿದಳು. ಆರ್ವಿಡ್ ನಡುಗುವ ಬೆರಳೆರಡನ್ನು ಬಾಯಿಗಿಟ್ಟ. ಸಿಳ್ಳೆ ಮಾತ್ರ ಹಾಗೆಯೇ ಇತ್ತು, ಹರಿತವಾಗಿ. ಹೊಲದ ತುಂಬ ಅಳಿಲುಗಳು ಎದ್ದು ನಿಂತವು.

ಅವಳು ಕೋವಿಯ ಕುದುರೆಗೆ ಬೆರಳಿಟ್ಟವಳು ಒತ್ತಲಿಲ್ಲ. ತಲೆ ಎತ್ತಿ ಕಾಲುವೆಯಾಚೆ, ಆವತ್ತು ಜುನೋ ಮಲಗಿದ್ದ ಕಡೆಗೆ ನೋಡಿದಳು. ಆರ್ವಿಡ್ ಆಗಲೇ ಅಲ್ಲೇ ನೋಡುತ್ತಿದ್ದ.

"ಯಾರೂ ಇಲ್ಲ," ಎಂದ. "ಹೊಡಿ."

ಅವಳು ಇನ್ನೂ ಅತ್ತಲೇ ನೋಡುತ್ತಿದ್ದಳು. ಅಳಿಲುಗಳು ಒಂದೊಂದಾಗಿ ಮುಂಗಾಲು ಕೆಳಗಿಳಿಸಿ ಹುಲ್ಲು ಮೇಯತೊಡಗಿದವು. ಆಚೆಯ ಒಡ್ಡಿನವರೆಗೂ ನೀರು ಹರಡುತ್ತ ಹೋಯಿತು.