ಇಷ್ಟು ದೂರಕ್ಕೆ ಸಾಕು

ಮಲ್ಲಿಗೆಯಲ್ಲ, ಮಲ್ಲಿಗೆ ಅನ್ನಿಸುವಂತೆ ಯಾರೋ ಎಲ್ಲೋ ಕಲಸಿದ ಏನೋ ಒಂದು, ಕನ್ನಡಿಗೆ ನೇತುಹಾಕಿದ ಹಳದಿ ರಟ್ಟಿನ ತುಂಡಿನಿಂದ ಬರುತ್ತಿದೆ, ಮೂಗಿಗೆ ಹತ್ತಿ ಗಂಟಲಿಗೂ ಇಳಿಯುತ್ತಿದೆ, ಒಂದು ಕಾರಿಗೆ ಇಷ್ಟೊಂದು ವಾಸನೆ ಯಾಕೆ ಬೇಕು, ಏನನ್ನು ಮುಚ್ಚುವುದಕ್ಕೆ — ಅಕ್ಷರಾ ಡ್ರೈವರ್ ಸೀಟಿನಲ್ಲಿ ಅಡ್ಡಲಾಗಿ ಕೂತು ಎರಡೂ ಕಾಲನ್ನು ಹೊರಗೆ ಜಲ್ಲಿಯ ಮೇಲೆ ಇಟ್ಟಿದ್ದಾಳೆ, ನಾಲಿಗೆ ತನ್ನಷ್ಟಕ್ಕೆ ತಾನೇ ಮೇಲಿನ ಎರಡು ಹಲ್ಲುಗಳ ಹಿಂದಕ್ಕೆ ಹೋಗುತ್ತದೆ, ಅವು ಅವಳ ಹಲ್ಲಲ್ಲ, ಡಾಕ್ಟರು ಸದ್ಯಕ್ಕಿರಲಿ ಅಂತ ಕೂರಿಸಿದ್ದು, ನುಣ್ಣಗೆ, ತಣ್ಣಗೆ, ಬೇರೆ ಯಾರದೋ ಬಾಯಿಂದ ತಂದಿಟ್ಟ ಹಾಗೆ. ಭಾನುವಾರ ಹನ್ನೊಂದು ಗಂಟೆಯ ಬಿಸಿಲು, ಶಿವಮೊಗ್ಗದ ಸಾಗರ ರಸ್ತೆ, ಆಯನೂರಿನ ಕಡೆ ಹೋಗುವ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿವೆ, ಪುಟ್ಟಣ್ಣನ ಸೆಕೆಂಡ್ ಹ್ಯಾಂಡ್ ಕಾರುಗಳು ಸಾಲಾಗಿ ನಿಂತು ಮಿರಮಿರ ಮಿಂಚುತ್ತಿವೆ, ಸಾಲಿನ ಮುಂದೆ ಇಬ್ಬರು ಗಂಡಸರು, ಒಬ್ಬ ಅವಳ ಗಂಡ ಜ್ಞಾನೇಶ್, ಇನ್ನೊಬ್ಬರು ಅವಳ ಅಪ್ಪ ಮುರುಗೇಶಪ್ಪ, ಅರ್ಧ ಗಂಟೆಯಿಂದ ಅವಳ ಕಾರಿಗಾಗಿ ಜಗಳವಾಡುತ್ತಿದ್ದಾರೆ. ಅವಳ ಕಾರು. ಓಡಿಸುವವಳು ಅವಳು, ದುಡ್ಡು ಅವಳದು, ಹೋದ ಹಲ್ಲೂ ಅವಳದು. ಒಂದು ಸಲವಾದರೂ ಇತ್ತ ತಿರುಗಿ ನಿನಗೆ ಏನು ಬೇಕು ಅಂತ ಕೇಳಿದರಾ, ಇಲ್ಲ, ಅಪ್ಪ ಹೇಳುತ್ತಿದ್ದಾರೆ ನಮ್ ಗಾಡಿ ಇಂಜಿನ್ನು ಇನ್ನೂ ಹತ್ತು ವರ್ಷ ಓಡತ್ತೆ ಜ್ಞಾನೇಶ್, ನನ್ನ ಕಣ್ಣೆದುರಿಗೇ ಹಳೇದಾಗಿದ್ದು, ಅದರ ಒಂದೊಂದು ನಟ್ಟೂ ನಂಗೊತ್ತು, ಜ್ಞಾನೇಶ್ ಹೇಳುತ್ತಿದ್ದಾನೆ ಗೊತ್ತಿದ್ದೂ ಏನಾಯ್ತು ಮಾವ, ತಿಂಗಳಲ್ಲಿ ನಾಲ್ಕು ದಿನ ಅದು ಬಿಚ್ಚಿಕೊಂಡು ಬಿದ್ದಿರತ್ತೆ, ಇದನ್ನ ನೋಡಿ, ಎಂಟೇ ವರ್ಷದ ಗಾಡಿ, ಈ ರೇಟಿಗೆ ಇನ್ನೆಲ್ಲೂ ಸಿಗಲ್ಲ, ನಡುವೆ ನಿಂತ ಪುಟ್ಟಣ್ಣ ಡಾಕ್ಟ್ರು ಓಡಿಸಿದ್ದು ಮಾರಾಯ್ರೇ, ಮಳೇಲಿ ಹೊರಗೇ ತೆಗೆದಿಲ್ಲ ಅನ್ನುತ್ತಾನೆ, ಶಿವಮೊಗ್ಗದಲ್ಲಿ ಮಳೆಯಲ್ಲಿ ಹೊರಗೆ ತೆಗೆಯದ ಕಾರು, ಹಾಗಾದರೆ ಆ ಡಾಕ್ಟರು ವರ್ಷಕ್ಕೆ ಎಷ್ಟು ದಿನ ಆಸ್ಪತ್ರೆಗೆ ಹೋಗುತ್ತಿದ್ದರೋ. ನಗು ಬರಬೇಕಿತ್ತು. ಬರುತ್ತಿಲ್ಲ. ಹೋದ ತಿಂಗಳು ಊಟಕ್ಕೆ ಕೂತಾಗ ಒಂದೇ ಒಂದು ಮಾತು ಹೇಳಿದ್ದಳು, ರೀ, ಏರ್‌ಬ್ಯಾಗ್ ಇರೋ ಗಾಡಿ ತಗೊಳ್ಳೋಣ, ಸ್ವಲ್ಪ ಲೇಟಾದ್ರೂ ಪರವಾಗಿಲ್ಲ, ಒಳ್ಳೇದೇ ತಗೊಳ್ಳೋಣ, ಜ್ಞಾನೇಶ್ ಸಾರು ಸುರಿದುಕೊಳ್ಳುತ್ತ ಅಂದಿದ್ದ, ನೀನೇನು ಬೆಂಗಳೂರಿಗೆ ಓಡಿಸ್ತೀಯಾ.

ಬೆಂಗಳೂರಿಗಲ್ಲ, ಶಿವಮೊಗ್ಗಕ್ಕೆ, ದಿನಾ, ಬೆಳಗ್ಗೆ ಆರೂವರೆಗೆ ಅಲ್ಲಿರಬೇಕು, ಲ್ಯಾಬಿನ ಬೀಗ ತೆಗೆಯುವವಳು ಅವಳೇ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದ ಶುಗರ್ ಪೇಷೆಂಟುಗಳು ಮೆಟ್ಟಿಲ ಮೇಲೆ ಕಾದಿರುತ್ತಾರೆ, ಭದ್ರಾವತಿಯ ಓಲ್ಡ್ ಟೌನಿನಿಂದ ಆ ಹೊತ್ತಿನ ಬಸ್ಸನ್ನು ನಂಬಿ ಎರಡು ಸಲ ಬೈಸಿಕೊಂಡ ಮೇಲೆ ಅಪ್ಪ ತಮ್ಮ ಬಿಳಿ ಕಾರನ್ನು ಅವಳ ಹೆಸರಿಗೆ ಮಾಡಿಸಿಕೊಟ್ಟರು, ತಗೋ ಮಗಳೇ, ಇನ್ಮೇಲೆ ನಿಂದೇ — ಕೊಟ್ಟರು ಅಂದರೆ ಪೂರ್ತಿ ಕೊಡಲಿಲ್ಲ, ಪ್ರತಿ ಭಾನುವಾರ ಬಂದು ಬಾನೆಟ್ ಎತ್ತುವ ಹಕ್ಕನ್ನು ಇಟ್ಟುಕೊಂಡೇ ಕೊಟ್ಟರು, ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡರ್ ಆಗಿದ್ದ ಮನುಷ್ಯ, ಮೆಕ್ಯಾನಿಕ್ ಹತ್ರ ಬಿಡೋಣ ಅಪ್ಪಾಜಿ ಅಂದರೆ ಮುಖ ಊದಿಸಿಕೊಳ್ಳುತ್ತಿದ್ದರು, ಅವನಿಗೇನು ಗೊತ್ತು ನಂಗೊತ್ತಿಲ್ದೇ ಇರೋದು. ಹೌದು, ಗೊತ್ತಿತ್ತು, ಚಳಿಗಾಲದಲ್ಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು, ಅವಳಿಗೂ ಆ ಕಾರೆಂದರೆ ಪ್ರೀತಿಯೇ, ಸುಳ್ಳು ಯಾಕೆ ಹೇಳಬೇಕು, ಬೆಳಗಿನ ಖಾಲಿ ರಸ್ತೆಯಲ್ಲಿ ಅದರೊಳಗೆ ಒಬ್ಬಳೇ ಕೂತು ಬರುವ ಆ ಅರ್ಧ ಗಂಟೆಯಷ್ಟು ಅವಳದೇ ಆದದ್ದು ಇಡೀ ದಿನದಲ್ಲಿ ಇನ್ನೊಂದಿರಲಿಲ್ಲ. ಮೂರು ವಾರದ ಹಿಂದೆ ಮಲವಗೊಪ್ಪದಲ್ಲಿ ಮುಂದಿದ್ದ ಟ್ರ್ಯಾಕ್ಟರು ಹಂಪ್ ಕಂಡು ನಿಂತಿತು, ಅವಳು ಬ್ರೇಕ್ ಒತ್ತಿದಳು, ಪೆಡಲು ನೆಲಕ್ಕೆ ಹೋಗಿ ಅಲ್ಲೇ ಮಲಗಿತು, ಏನೂ ಇಲ್ಲ, ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ, ಹ್ಯಾಂಡ್ ಬ್ರೇಕ್ ಎಳೆದು ಎಡಕ್ಕೆ ತಿರುಗಿಸಿದಳು, ರಸ್ತೆ ಬದಿಯ ಜಲ್ಲಿ ರಾಶಿ, ಬಾಯಿ ಹೋಗಿ ಸ್ಟಿಯರಿಂಗಿಗೆ. ಟೀ ಅಂಗಡಿಯ ಹಾಲಮ್ಮ, ಹೆಸರು ಆಮೇಲೆ ಗೊತ್ತಾಗಿದ್ದು, ಓಡಿ ಬಂದು ತಲೆ ಹಿಡಿದುಕೊಂಡು ಉಗುಳು ತಾಯಿ, ರಕ್ತ ನುಂಗ್ಬೇಡ, ಉಗುಳು ಅನ್ನುತ್ತಿದ್ದಳು, ಗುರುತಿಲ್ಲ ಪರಿಚಯವಿಲ್ಲ, ತನ್ನ ಸೆರಗಿನಲ್ಲೇ ಬಾಯಿ ಒರೆಸಿದಳು. ಆಮೇಲೆ ಯಾರದೋ ಬೈಕಿನಲ್ಲಿ ಅಪ್ಪ ಬಂದರು, ಇಳಿದರು, ಬಂದವರೇ ಬಾನೆಟ್ ಎತ್ತಿದರು. ಮೊದಲು ಬಾನೆಟ್. ಆಮೇಲೆ ಬಗ್ಗಿ ಚಕ್ರದ ಹಿಂದೆ ನೋಡಿದರು. ಮಗಳ ಮುಖ ನೋಡಿದ್ದು ಅದಾದ ಮೇಲೆ. ಇನ್ನು ಜ್ಞಾನೇಶ್, ಆಸ್ಪತ್ರೆಯಲ್ಲಿ ಅವಳ ತುಟಿಗೆ ಹೊಲಿಗೆ ಹಾಕುತ್ತಿರುವಾಗ ಮಂಚದ ಪಕ್ಕ ನಿಂತು, ನಾನು ಹೇಳಿರ್ಲಿಲ್ವಾ, ಆ ಡಬ್ಬಾ ಬೇಡ ಅಂತ ಹೇಳಿರ್ಲಿಲ್ವಾ, ಗೆದ್ದವನ ದನಿ, ನಿಜವಾಗಿಯೂ ಗೆದ್ದವನದೇ ದನಿ, ಅವಳಿಗೆ ಮಾತಾಡಲು ಬಾಯಿ ಇರಲಿಲ್ಲ, ಇದ್ದಿದ್ದರೆ ಅವತ್ತೇ. ಅವತ್ತೇ ಏನು ಹೇಳುತ್ತಿದ್ದಳು, ಏನೂ ಇಲ್ಲ, ಅಮ್ಮ ಪಕ್ಕದಲ್ಲೇ ಇದ್ದಳಲ್ಲ, ಇಬ್ರೂ ನಿನ್ನ ಒಳ್ಳೇದಕ್ಕೇ ಅಲ್ವೇನೇ ಒದ್ದಾಡೋದು ಅನ್ನುತ್ತ.

ಒಳ್ಳೆಯದಕ್ಕೆ. ಈಗಲೂ ಒಳ್ಳೆಯದಕ್ಕೇ ಇರಬೇಕು, ಯಾಕೆಂದರೆ ಅಪ್ಪ ಅದೇ ಬಿಳಿ ಕಾರನ್ನು ರಿಪೇರಿ ಮಾಡಿ, ಬಂಪರಿಗೆ ಬಣ್ಣ ಹೊಡೆದು, ಭದ್ರಾವತಿಯಿಂದ ತಾವೇ ಓಡಿಸಿಕೊಂಡು ಬಂದು ಗೇಟಿನ ಹೊರಗೆ ನಿಲ್ಲಿಸಿದ್ದಾರೆ, ಮದುವೆಗೆ ನಿಂತ ಹುಡುಗಿಯನ್ನು ತೋರಿಸಲು ಕರೆತಂದ ಹಾಗೆ, ಒಂದ್ಸಲ ಓಡಿಸಿ ನೋಡಮ್ಮ, ಬ್ರೇಕು ಕಲ್ಲಿನ ಹಂಗೆ ನಿಲ್ಲತ್ತೆ, ಅವಳು ನೋಡಲಿಲ್ಲ, ಅದರ ಕಡೆ ಮುಖ ಮಾಡಿದರೆ ಬಾಯಲ್ಲಿ ಉಪ್ಪುಪ್ಪು ರುಚಿ. ಈಗ ಅಪ್ಪ ಇತ್ತ ಬರುತ್ತಿದ್ದಾರೆ, ಸ್ವಲ್ಪ ಏಳಮ್ಮ, ಒಂದ್ ನಿಮಿಷ, ಅವಳು ಎದ್ದು ನಿಂತಳು, ಅಪ್ಪ ಹಿಂದಿನ ಬಾಗಿಲು ತೆರೆದು ಮಂಡಿಯೂರಿ ಕೂತರು, ನೆಲದ ಮ್ಯಾಟ್ ತೆಗೆದು ಕೆಳಗಿನ ಕಾರ್ಪೆಟ್ಟಿನ ಅಂಚಿಗೆ ಉಗುರು ಸಿಕ್ಕಿಸಿದರು, ಪುಟ್ಟಣ್ಣ ಓಡಿ ಬಂದ, ಯಜಮಾನ್ರೇ, ಅದನ್ನ ಕೀಳ್ಬೇಡಿ, ಗಮ್ ಹಾಕಿರೋದು, ಕೀಳ್ಬೇಡಿ ಅಂದ್ನಲ್ಲ, ಕಾರ್ಪೆಟ್ಟು ಪರ್ರನೆ ಎದ್ದುಬಂತು. ಕೆಳಗೆ ಕಪ್ಪು ಬಣ್ಣ ಬಳಿದ ತಗಡು, ತಗಡಿನ ಮೇಲೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದು ಗೆರೆ, ಗೆರೆಯಲ್ಲ, ಏಣು, ಹೊಲಿದ ಗಾಯ ಮಾಗಿದ ಮೇಲೆ ಉಳಿಯುತ್ತದಲ್ಲ, ಅವಳ ತುಟಿಯೊಳಗೂ ಇದೆಯಲ್ಲ, ಅಂಥದ್ದು. ಬಾ ಇಲ್ಲಿ ಜ್ಞಾನೇಶ್, ನೋಡು ಬಾ, ಅಪ್ಪನ ದನಿ ನಡುಗುತ್ತಿದೆ, ಸಿಟ್ಟಿಗೋ ಖುಷಿಗೋ, ಎರಡು ಕಾರು ಕಣಯ್ಯ ಇದು, ಎರಡೂ ಪುಡಿಯಾಗಿದ್ದವು, ಮುಂದಿನರ್ಧ ಒಂದರದ್ದು, ಹಿಂದಿನರ್ಧ ಇನ್ನೊಂದರದ್ದು, ಕತ್ತರಿಸಿ ಅಂಟಿಸಿದಾರೆ, ಅದೂ ಎಂಥಾ ವೆಲ್ಡಿಂಗು, ನನ್ನ ಹತ್ರ ಮೊದಲ ದಿನ ಕಲಿಯೋಕೆ ಬಂದೋನೂ ಹೀಗೆ ಹಾಕ್ತಿರ್ಲಿಲ್ಲ, ಏನಾದ್ರೂ ಗುದ್ದಿದ್ರೆ ಎರಡು ತುಂಡು, ಇದರಲ್ಲಿ ನನ್ನ ಮಗಳನ್ನ ಕೂರಿಸ್ತಿದ್ಯಾ. ಇದೇ ಕಾರಿನಲ್ಲಿ ಅವಳು ಈಗ ಕೂತಿದ್ದಳು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅಪ್ಪನ ಬಗ್ಗೆ ಹೆಮ್ಮೆ, ಎದೆ ತುಂಬಿ ಬರುವಂಥದ್ದು, ಅವಳು ಗಂಡನ ಕಡೆ ತಿರುಗಿದಳು, ಅವನ ಮುಖದಲ್ಲಿ ಗಾಬರಿ ಹುಡುಕಿದಳು, ಮೋಸಹೋದವನ ಸಿಟ್ಟನ್ನು, ಪುಟ್ಟಣ್ಣನ ಕೊರಳಪಟ್ಟಿಗೆ ಕೈಹಾಕುವ ಅವಸರವನ್ನು. ಜ್ಞಾನೇಶ್ ಸುಮ್ಮನೆ ಅಂದ, ಗೊತ್ತು ಮಾವ.

ಗೊತ್ತು ಮಾವ. ಪುಟ್ಟಣ್ಣ ಮೊದಲೇ ಹೇಳಿದಾನೆ, ಮುಚ್ಚಿಟ್ಟಿಲ್ಲ, ಅದಕ್ಕೇ ಈ ರೇಟು, ಅಲೈನ್‌ಮೆಂಟ್ ಎಲ್ಲ ಸರಿ ಮಾಡ್ಸಿದಾರೆ, ಹೈವೇಲಿ ನೂರರಲ್ಲಿ ಓಡಿಸೋರಿಗೆ ಬೇಡ, ಇವಳು ಓಡಿಸೋದು ಭದ್ರಾವತಿ ಶಿವಮೊಗ್ಗ ತಾನೇ, ಇಷ್ಟು ದೂರಕ್ಕೆ ಸಾಕು. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಗೋಡೆಯೊಳಗೆ ಹೋಗೋ ಪೈಪು ಸಾರ್, ಅಗ್ಗದ್ದು ಬೇಡ, ಆಮೇಲೆ ಕಣ್ಣಿಗೂ ಕಾಣಲ್ಲ ಅಂತ ಗಿರಾಕಿಗಳಿಗೆ ಬುದ್ಧಿ ಹೇಳುವವನು, ಸ್ನಾನದ ಮನೆಯ ಪೈಪಿಗೆ ಇರುವ ಮರ್ಯಾದೆ — ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಅಪ್ಪ, ನಾಚಿಕೆ ಆಗಲ್ವೇನಯ್ಯ, ಗೊತ್ತಿದ್ದೂ ಕೊಡಿಸ್ತಿದ್ಯಾ, ಅಷ್ಟೇ ಸಾಕಾಯಿತು ಜ್ಞಾನೇಶನಿಗೆ, ಅವನ ದನಿಯೂ ಏರಿತು, ನೀವೇನು ಮಾಡಿದ್ರಿ ಮಾವ, ಆ ಬ್ರೇಕ್ ಹೋಸು ಗುಜರಿಯಿಂದ ತಂದಿದ್ದು ಅಂತ ಆಸ್ಪತ್ರೆ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು ಅತ್ತಿದ್ದು ಯಾರು, ಇವಳಿಗೆ ಹೇಳ್ಬೇಡ ಅಂದಿದ್ದು ಯಾರು. ಕಾರು ತೊಳೆಯುವ ಪೈಪಿನಿಂದ ನೀರು ಬೀಳುವ ಸದ್ದು. ಅಪ್ಪಾಜಿ, ಅಂದಳು ಅವಳು. ಅಪ್ಪ ಮಂಡಿಯ ಧೂಳು ಒರೆಸಿಕೊಂಡರು, ಒರೆಸಿದ್ದನ್ನೇ ಒರೆಸಿದರು, ಹಳೇ ಹೋಸು, ಬ್ರೇಕ್ ಎಣ್ಣೆ ಹೋಗೋ ರಬ್ಬರ್ ಪೈಪು, ಬಿರುಕು ಬಿಟ್ಟಿತ್ತಮ್ಮ, ಈ ಮಾಡೆಲ್‌ಗೆ ಹೊಸದು ಎಲ್ಲೂ ಸಿಗ್ಲಿಲ್ಲ, ಬರೋತನಕ ಅಂತ ಗುಜರಿ ಗಾಡೀದು ಬಿಚ್ಚಿ ಹಾಕಿದ್ದೆ, ಸ್ವಲ್ಪ ಉಬ್ಬಿದ ಹಂಗಿತ್ತು, ನಾಲ್ಕು ದಿನಕ್ಕೆ ಏನಾಗತ್ತೆ ಅಂತ, ದೂರ ಎಲ್ಲೂ ಹೋಗಲ್ವಲ್ಲ ನೀನು, ಇಷ್ಟು ದೂರಕ್ಕೆ ಸಾಕು ಅಂದ್ಕೊಂಡೆ. ಅದೇ ಮಾತು. ಇಬ್ಬರೂ ಒಟ್ಟಿಗೆ ಕೂತು ಬಾಯಿಪಾಠ ಮಾಡಿದ ಹಾಗೆ ಅದೇ ಮಾತು, ಅವಳ ದೂರವನ್ನು ಅಳೆದವರು ಇವರು, ಓಲ್ಡ್ ಟೌನಿನಿಂದ ಲ್ಯಾಬಿನವರೆಗೆ ಅಳೆದು, ಅಷ್ಟಕ್ಕೆ ಎಂಥ ಹೋಸು ಸಾಕು ಎಂಥ ತಗಡು ಸಾಕು ಅಂತ ತೀರ್ಮಾನಿಸಿದವರು, ಬಾನೆಟ್ ಮೊದಲು ಯಾಕೆ ಎತ್ತಿದರು ಅಂತ ಈಗ ಗೊತ್ತಾಯಿತು, ಕಾರಿಗೆ ಏನಾಗಿದೆ ಅಂತ ನೋಡಲಿಕ್ಕಲ್ಲ, ತಮ್ಮದೇ ತಪ್ಪು ಹೌದೋ ಅಲ್ಲವೋ ಅಂತ ನೋಡಲಿಕ್ಕೆ, ಮೂರು ವಾರ, ಮೂರು ವಾರ ಅವಳು ರಾತ್ರಿ ಎದ್ದು ಕೂತು ನಾನೇ ತಡವಾಗಿ ಬ್ರೇಕ್ ಒತ್ತಿದೆನಾ, ಕಣ್ಣು ಎಳೆದಿತ್ತಾ ಅಂತ ತನ್ನನ್ನೇ ಬೈದುಕೊಂಡಿದ್ದಾಳೆ, ಪಕ್ಕದಲ್ಲಿ ಮಲಗಿದವನಿಗೆ ಗೊತ್ತಿತ್ತು, ಬೆಳಗ್ಗೆ ಗಂಜಿ ಮಾಡಿಸಿಕೊಂಡು ಬಂದು ಕುಡಿಸಿದ ಅಪ್ಪನಿಗೆ ಗೊತ್ತಿತ್ತು. ಕೂಗಲಿಲ್ಲ ಅವಳು. ಪುಟ್ಟಣ್ಣನ ಕೈಯಿಂದ ಕೀ ಕಿತ್ತುಕೊಂಡಳು, ಸೀಟಿಗೆ ಕೂತಳು, ಸ್ಟಾರ್ಟ್ ಮಾಡಿದಳು, ಇಂಜಿನ್ನು ಮೆತ್ತಗೆ ಗುಂಯ್ ಅಂದಿತು, ಕಿಟಕಿಯಿಂದ ಹೇಳಿದಳು, ಬನ್ನಿ, ಇಬ್ರೂ ಹಿಂದೆ ಕೂತ್ಕೊಳ್ಳಿ, ಆಯನೂರಿನ ತನಕ ಹೋಗಿ ಬರೋಣ, ನೂರರಲ್ಲಿ ಓಡಿಸ್ತೀನಿ, ಇಷ್ಟು ದೂರಕ್ಕೆ ಸಾಕಲ್ವಾ. ಜ್ಞಾನೇಶ್ ಅಕ್ಷು, ಜನ ನೋಡ್ತಿದಾರೆ ಅಂದ, ಜೇಬಿನಿಂದ ಮೊಬೈಲು ತೆಗೆದ, ಬರದ ಫೋನನ್ನು ನೋಡುತ್ತ ನಿಂತ. ಅಪ್ಪ ಮುಂದೆ ಬಂದರು. ಎರಡು ಹೆಜ್ಜೆ. ಕೈ ಚಾಚಿದರು, ಬಾಗಿಲಿನ ಹಿಡಿಯವರೆಗೂ ಬಂತು ಕೈ, ಕಿಡಿ ಸುಟ್ಟ ಚುಕ್ಕೆಗಳ ದಪ್ಪ ಬೆರಳು, ಅಲ್ಲಿ ನಿಂತಿತು, ಬೆರಳು ಮಡಚಿಕೊಂಡವು, ಕೈ ಹಿಂದೆ ಸರಿಯಿತು. ಬೇಡ ಇಳಿಯಮ್ಮ, ಅಂದರು, ನಮ್ ಗಾಡೀಲೇ ಹೋಗೋಣ ಬಾ. ಅದರಲ್ಲಿ ಈಗ ಯಾವ ಹೋಸಿದೆ ಅಪ್ಪಾಜಿ. ಅಪ್ಪ ಮತ್ತೆ ಮಂಡಿಯ ಧೂಳು ಒರೆಸಿಕೊಂಡರು.

ಧೂಳು ಒರೆಸಿಕೊಂಡರು, ಅವಳು ಇಳಿದಳು, ಕೀಯನ್ನು ಪುಟ್ಟಣ್ಣನ ಅಂಗೈಗೆ ಹಾಕಿದಳು, ಬಿಳಿ ಕಾರಿನ ಕೀ ಕೊಡಿ ಅಂದಳು, ಅಪ್ಪ ಜೇಬಿನಿಂದ ತೆಗೆದು ಕೊಟ್ಟರು, ತನ್ನ ಬ್ಯಾಗಿಗೆ ಹಾಕಿಕೊಂಡಳು, ಆ ಗಾಡಿ ನನ್ನ ಹೆಸರಲ್ಲಿದೆ, ಇನ್ನು ಯಾರೂ ಓಡಿಸೋ ಹಾಗಿಲ್ಲ, ನಾಳೆ ಗುಜರಿಯವರಿಗೆ ನಾನೇ ಹೇಳ್ತೀನಿ, ನೀವಿಬ್ರೂ ನಾವು ಬಂದ ಬೈಕಲ್ಲಿ ಬನ್ನಿ, ಬೇಕಾದಷ್ಟು ಮಾತಾಡ್ಕೊಂಡು ಬನ್ನಿ. ಅಕ್ಷು ಅಕ್ಷು ಅಂತ ಹಿಂದೆ ಕೂಗಿದ್ದು ಕೇಳಿಸಿತು, ಸಿಟಿ ಬಸ್ಸು ಹತ್ತಿ ಸ್ಟ್ಯಾಂಡಿಗೆ ಬಂದಳು, ಈಗ ಭದ್ರಾವತಿಯ ಬಸ್ಸು, ಕಿಟಕಿಯ ಪಕ್ಕ, ಮಡಿಲಲ್ಲಿ ಬ್ಯಾಗು, ಪಕ್ಕದ ಹೆಂಗಸು ಕಡಲೆಕಾಯಿ ಸುಲಿಯುತ್ತ ತಗೊಳ್ಳಿ ಅನ್ನುತ್ತಾಳೆ, ಬೇಡಕ್ಕ, ಹಲ್ಲು ನೋವು. ನಾಳೆ ಐದೂ ಮುಕ್ಕಾಲಿಗೆ ಬಸ್ ಸ್ಟಾಪಿನಲ್ಲಿರಬೇಕು, ಬಸ್ಸು ಬಾರದಿದ್ದರೆ ಆಟೋ, ಲ್ಯಾಬಿನಲ್ಲಿ ಬೈದರೆ ಬೈಯಲಿ, ಮುಂದಿನ ಭಾನುವಾರ ತಾನೊಬ್ಬಳೇ ಹೋಗುತ್ತಾಳೆ, ಶೋರೂಮಿಗೋ ಎಲ್ಲಿಗೋ, ಅಲ್ಲಿಯವನು ಸಾರ್ ಬರ್ಲಿಲ್ವಾ ಮೇಡಂ ಅನ್ನುತ್ತಾನೆ, ಅನ್ನಲಿ, ಸಾರ್ ಬರಲ್ಲ, ಸಾರ್‌ಗೆ ನಾನು ಎಷ್ಟು ದೂರ ಹೋಗ್ತೀನಿ ಅಂತ ಗೊತ್ತಿಲ್ಲ, ನೀವು ನಂಗೆ ತೋರಿಸಿ. ಫೋನು ನಡುಗುತ್ತಿದೆ, ಅಮ್ಮ, ತೆಗೆಯುವುದಿಲ್ಲ, ಒಳ್ಳೆಯದಕ್ಕೇ ಅನ್ನುತ್ತಾಳೆ, ಅಮ್ಮನಿಗೂ ಗೊತ್ತಿತ್ತೋ ಏನೋ, ಬೇಡ, ಅದನ್ನು ಯೋಚಿಸುವುದಿಲ್ಲ. ಗಂಡನ ಬಗ್ಗೆ ಯೋಚಿಸಬಹುದು, ಅವನ ಮೇಲಿನ ಸಿಟ್ಟು ಸಲೀಸಾಗಿದೆ, ಇವತ್ತು ಬೈದು, ನಾಳೆ ಬೈದು, ವರ್ಷವಿಡೀ ಬೈದು ಮುಗಿಸಬಹುದು, ಅವನು ಮುಂದೆಯೇ ಬರಲಿಲ್ಲ, ಮೊಬೈಲು ನೋಡಿದ, ಮುಗಿಯಿತು. ಅಪ್ಪ ಮುಂದೆ ಬಂದರು. ಅದನ್ನು ಎಲ್ಲಿಡಬೇಕು. ಎರಡು ಹೆಜ್ಜೆ ಬಂದರು, ಮಗಳು ಒಬ್ಬಳೇ ಕೂತಿದ್ದಾಳೆ ಅಂತಲೇ ಬಂದಿರಬೇಕು, ಕೈಯೂ ಬಂತು, ಗೇರು ಹಾಕುವುದನ್ನು ಕಲಿಸಿದ ಕೈ, ಬಸ್ಸು ಬ್ರೇಕ್ ಹಾಕಿತು, ಎಲ್ಲರೂ ಮುಂದಕ್ಕೆ ವಾಲಿದರು, ಟಿಕೆಟ್ ಟಿಕೆಟ್, ಭದ್ರಾವತಿ ಒಂದು, ಕೈ ಬಂದಿತ್ತು, ಬೆಳ್ಳಿ ಬಣ್ಣದ ಹಿಡಿ, ಅದರ ಮೇಲೆ ಬಿಸಿಲು, ಇನ್ನೊಂದು ಬೆರಳಷ್ಟೇ ದೂರ, ತೆರೆದು ಕೂತಿದ್ದರೆ, ಸಾಯೋದಾದ್ರೆ ಒಟ್ಟಿಗೆ ಅಂತ ಸುಮ್ಮನೆ ಕೂತಿದ್ದರೆ ಅವಳೇ ಇಂಜಿನ್ ಆಫ್ ಮಾಡಿ ಅವರ ಎದೆಗೆ ತಲೆಯಿಟ್ಟು ಅತ್ತುಬಿಡುತ್ತಿದ್ದಳು, ಹೋಸು, ಹಲ್ಲು, ಮೂರು ವಾರ, ಎಲ್ಲವನ್ನೂ ಬಿಟ್ಟುಬಿಡುತ್ತಿದ್ದಳು, ಕೂರಲಿಲ್ಲ, ಕೈ ಹಿಡಿಯವರೆಗೂ ಬಂತು, ಬೆರಳು ಒಂದೊಂದಾಗಿ ಮಡಚಿಕೊಂಡವು, ಹಿಡಿಯವರೆಗೂ ಬಂದು, ಮುಟ್ಟದೆ, ಬೆರಳು ಮಡಚಿಕೊಂಡ ಕೈ —